ಮಣೆ ತೆಗೆದ ದಿನ

ಕಿನ್ಯಾದ ಗದ್ದೆಹುಣಿಯಿಂದ ಸೋಮವಾರ
ಎರಡು ಗೋಣಿ ಒಂದೆಲಗ ಬಂತು.
ತುಳುವಿನ ತಿಮರೆ, ನಮ್ಮ ಮನೆಯ ಏಕ್ಪಾನಿ,
ರಿಜಿಸ್ಟರಿನಲ್ಲಿ ಮಾದರಿ ನಾಲ್ಕು.
ಬೇರಿನ ಮಣ್ಣು ತೊಳೆದು, ನೆರಳಲ್ಲಿ ಒಣಗಿಸಿ,
ಅರೆದು, ಸೋಸಿ, ತೂಗಿ
ಇಲಿಗಳ ಬಾಯಿಗೆ ಹನಿ ಹನಿ ಬಿಡುವುದು
ಹದಿಮೂರು ವರ್ಷದಿಂದ ನನ್ನ ಕೆಲಸ.

ದೇರಳಕಟ್ಟೆಯ ಈ ಮೂರನೇ ಮಹಡಿಯಲ್ಲಿ
ಒಂದು ದುಂಡು ತೊಟ್ಟಿ. ಹಾಲು ಬೆರೆಸಿದ ನೀರು.
ಒಳಗೆ, ಕಾಣದ ಹಾಗೆ, ಒಂದು ಮಣೆ.
ಮರೆವು ಬರಿಸಿದ ಇಲಿ ಸುತ್ತುತ್ತದೆ, ಸುತ್ತುತ್ತದೆ,
ಮೂಗು ಮೇಲೆತ್ತಿ ದಣಿಯುತ್ತದೆ.
ತಿಮರೆ ಕುಡಿದದ್ದು ಕೆಲವು ಸಲ
ನೆಟ್ಟಗೆ ಹೋಗಿ ಹತ್ತಿ ಕೂತು
ಮೀಸೆ ಒರೆಸಿಕೊಳ್ಳುತ್ತದೆ.
ಕೆಲವು ಸಲ ಅಂದೆ.
ಕೆದ್ಲಾಯ ಸರ್‌ಗೆ ಆ ಎರಡು ಶಬ್ದ ಮುಖ್ಯ.

ಪಕ್ಕದ ಕೋಣೆಯಲ್ಲಿ ಇದಕ್ಕೆ ತದ್ವಿರುದ್ಧ ಕೆಲಸ.
ಇಬ್ಬರು ಅಪರಿಚಿತರ ಬಿಳಿ ರಕ್ತಕಣ
ಒಂದೇ ಗುಳಿಯಲ್ಲಿ ಐದು ದಿನ ಇಟ್ಟರೆ
ನೀನ್ಯಾರು ನೀನ್ಯಾರು ಎಂದು ಕೆರಳಿ ಹೆಚ್ಚುತ್ತವೆ.
ಮಾದರಿ ಹದಿನೇಳು, ಯಾವುದೋ ಕಾಡುಬಳ್ಳಿಯ ತೊಗಟೆ,
ಒಂದು ಹನಿ ಹಾಕಿದೆವು. ಗಪ್‌ಚಿಪ್.
ನಾನು ಖುಷಿಯಲ್ಲಿ ಎಲ್ಲರಿಗೂ ಚಹಾ ತರಿಸಿದೆ.
ಸರ್ ಬಣ್ಣ ಹಾಕಿ ನೋಡಿದರು: ಎಲ್ಲವೂ ಸತ್ತಿದ್ದವು.
"ಕೊಂದು ಸುಮ್ಮನಿರಿಸೋದು ಮದ್ದಲ್ಲ, ಸಿಪ್ರಿಯನ್.
ಜೀವ ಇಟ್ಟುಕೊಂಡೇ ಹಗೆ ಮರೆಯಬೇಕು."
ಚಹಾ ಆರುತ್ತಿತ್ತು. ನನ್ನ ಕೈ ತಾನಾಗಿ
ಬಲಗಡೆ ಕಿಬ್ಬೊಟ್ಟೆಗೆ ಹೋಯಿತು.

ಅಲ್ಲಿ ಸೆವ್ರಿನ್ ಮಾವ್ಶಿ ಇದ್ದಾಳೆ.

ಗೇರು ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ
ಸಿಪ್ಪೆ ಸುಲಿದವಳು.
ಅಮ್ಮನದ್ದು ಹೊಂದದೆ ಹೋದಾಗ
ನನ್ನದು ನೋಡಿ ಅಂತ ತೋಳು ಚಾಚಿದಳು.
ಸಮಿತಿಯವರು ಕೇಳಿದರು: ದುಡ್ಡೆಷ್ಟು ಕೊಟ್ಟ?
"ಇವನ ಹತ್ತಿರ ಏನಿದೆ ಕೊಡಲಿಕ್ಕೆ, ಸೈಕಲ್ಲೂ ನನ್ನದೇ."
ಹೆಬ್ಬೆಟ್ಟು ಇಡಿಸಿದರೆ ಯಂತ್ರ ಒಪ್ಪಲಿಲ್ಲ,
ಗೇರೆಣ್ಣೆ ತಿಂದ ಬೆರಳಲ್ಲಿ ಗೆರೆಯೇ ಇಲ್ಲ.
ಸೆರಗಿಗೆ ಒರೆಸಿ ಒರೆಸಿ ನಾಲ್ಕು ಸಲ ಒತ್ತಿದಳು.
ಯಂತ್ರಕ್ಕೆ ಗುರುತು ಸಿಗದವಳನ್ನು
ನನ್ನ ರಕ್ತ ಮಾತ್ರ ಇವತ್ತಿಗೂ ಗುರುತು ಹಿಡಿಯುತ್ತದೆ.
ಬೆಳಿಗ್ಗೆ ಏಳಕ್ಕೆ, ರಾತ್ರಿ ಏಳಕ್ಕೆ
ಗುಳಿಗೆ ನುಂಗಿ ಅದರ ಬಾಯಿ ಮುಚ್ಚಿಸುತ್ತೇನೆ.

ಈಗ ಮಾವ್ಶಿ ಮರೆಯುತ್ತಿದ್ದಾಳೆ.
ಮೊದಲು ಒಲೆಯ ಮೇಲಿನ ಹಾಲು,
ಆಮೇಲೆ ಪೆರ್ಮನ್ನೂರು ಇಗರ್ಜಿಯ ದಾರಿ,
ಈಸ್ಟರ್ ಕಳೆದ ಮೇಲೆ ನನ್ನ ಹೆಸರು.
ದಿಟ್ಟಿಸಿ ಕೇಳುತ್ತಾಳೆ: "ತುಂ ಕೋಣ್?"
ಅದೇ ಪ್ರಶ್ನೆ, ಪಕ್ಕದ ಕೋಣೆಯದ್ದು.
ಅಮೃತಬಳ್ಳಿ ಕಷಾಯ ಕುದಿಸುವುದು ಮಾತ್ರ ಮರೆತಿಲ್ಲ.
ಕುಡಿ, ರಕ್ತಕ್ಕೆ ಬಲ ಅನ್ನುತ್ತಾಳೆ
ಯಾರಿಗೆ ಅನ್ನುತ್ತಿದ್ದೇನೆಂದು ತಿಳಿಯದೆ.
ಬಲ ಬರಬಾರದು ಮಾವ್ಶಿ,
ಬಂದರೆ ನಿನ್ನನ್ನೇ ಹೊರಗೆ ಹಾಕುತ್ತದೆ
ಎಂದು ಹೇಳುವುದು ಹೇಗೆ.
ದಾಸವಾಳದ ಬುಡಕ್ಕೆ ಸುರಿದು ಖಾಲಿ ಲೋಟ ತೋರಿಸುತ್ತೇನೆ.
ಆ ಗಿಡ ಇಷ್ಟು ಹೂ ಎಂದೂ ಬಿಟ್ಟಿರಲಿಲ್ಲ.

ಮಾದರಿ ನಾಲ್ಕನ್ನು ಒಂದು ಸೀಸೆ ಕದಿಯಬಹುದು.
ಇಲಿಯ ತೂಕದಿಂದ ಮಾವ್ಶಿಯ ತೂಕಕ್ಕೆ
ಲೆಕ್ಕ ಹಾಕಿದ ಚೀಟಿ ಮೂರು ವಾರದಿಂದ ಜೇಬಿನಲ್ಲಿದೆ.
ಅಂಗಿಯೊಡನೆ ಒಮ್ಮೆ ಒಗೆದೂ ಆಯಿತು.
ಕದ್ದಿಲ್ಲ. ಬರೀ ಚಟ್ನಿ ಅರೆದು ಕೊಡುತ್ತೇನೆ, ತೆಂಗಿನಕಾಯಿ ಹಾಕಿ.
ನಾಲಗೆಗೆ ಹಚ್ಚಿ, ಉಪ್ಪು ಕಡಿಮೆ ಅನ್ನುತ್ತಾಳೆ.
ಕಡಿಮೆಯೇ ಇರುತ್ತದೆ.

ಇವತ್ತು ಪ್ರಯೋಗದ ಕೊನೆಯ ದಿನ.
ತೊಟ್ಟಿಯಿಂದ ಮಣೆ ತೆಗೆದುಬಿಟ್ಟು
ಇಲಿಯನ್ನು ನೀರಿಗೆ ಬಿಡುತ್ತೇವೆ, ಅರವತ್ತು ಸೆಕೆಂಡು.
ಮಣೆ ಇದ್ದ ಜಾಗದಲ್ಲೇ ಎಷ್ಟು ಹೊತ್ತು ಹುಡುಕಿತೋ
ಅದಕ್ಕೆ ನಮ್ಮ ಪುಸ್ತಕದಲ್ಲಿ ನೆನಪು ಎಂದು ಹೆಸರು.
ಇಪ್ಪತ್ತೆರಡು. ಹತ್ತೊಂಬತ್ತು. ಮೂವತ್ತೊಂದು.
ಬರೆದುಕೊಂಡೆ.

ಸಂಜೆ ತೊಕ್ಕೊಟ್ಟಿನಲ್ಲಿ ಬಸ್ಸಿಳಿದು ಬಂದರೆ
ಮೆಟ್ಟಿಲ ಮೇಲೆ ಮಾವ್ಶಿ,
ಬೀಗದ ಕೈ ಕಳೆದುಕೊಂಡವಳ ಹಾಗೆ
ಎಡಗಡೆ ಪಕ್ಕೆ ತಡವುತ್ತಿದ್ದಳು,
ರವಿಕೆಯ ಕೆಳಗೆ, ಹಳೆಯ ಹೊಲಿಗೆಯ ಮೇಲೆ.
ಏಳರ ಅಲಾರಂ ಹೊಡೆದುಕೊಂಡಿತು ಜೇಬಿನಲ್ಲಿ.
ಪಕ್ಕದಲ್ಲೇ ಕೂತೆ.
ಬೆರಳು ಹೋಗುತ್ತಿತ್ತು, ಬರುತ್ತಿತ್ತು,
ಗೆರೆಯಿಲ್ಲದ ಬೆರಳು.