ನೋಡಿ: ಹಾವಸೆ

ಶಿವರಾಂಪೇಟೆಯ ಅಚ್ಚುಕೂಟದಲ್ಲಿ
ನಿಘಂಟಿನ ಕರಡು ತಿದ್ದುವವನು ನಾನು.
ಪುಟ ಆರುನೂರ ಹನ್ನೆರಡು:
'ಪಾಚಿ (ನಾ.) ನೋಡಿ: ಹಾವಸೆ.'
ಬೆರಳಿಗೆ ಉಗುಳು ಹಚ್ಚಿ ಹಾಳೆ ಮಗುಚುತ್ತ
ಹಕಾರದ ತನಕ ಹೋದರೆ
'ಹಾವಸೆ (ನಾ.) ನೋಡಿ: ಪಾಚಿ.'
ಕೆಳಕ್ಕೆ ಜಾರಿದವರನ್ನು ಎಲ್ಲರೂ ಕಂಡಿದ್ದಾರೆ,
ಮತ್ತೆ ಮೇಲಕ್ಕೆ ಜಾರಿದವನನ್ನು?
ಒಂದು ಮಧ್ಯಾಹ್ನವಿಡೀ ಹಾಗೆ ಜಾರಿದೆ.

ಭಾನುವಾರ, ಗಂಜಾಮಿನ ಹೊಳೆ ಮೆಟ್ಟಿಲಲ್ಲಿ
ಚಿಕ್ಕತಾಯಮ್ಮ ಕುಕ್ಕರುಗಾಲಲ್ಲಿ ಕೂತು
ತೆಂಗಿನ ಸಿಪ್ಪೆ, ಮುರಿದ ಕುಡುಗೋಲಿನ ತುದಿ ಹಿಡಿದು
ಕಲ್ಲು ಕೆರೆಯುತ್ತಿದ್ದಳು.
ಎಡಗೈ ಮಣಿಕಟ್ಟು ಸೊಟ್ಟ.
'ಇದೇ ಮೆಟ್ಲು ಕಣಪ್ಪ, ಮದ್ವೆಯಾದ ವರ್ಸ.
ಬಿಂದ್ಗೆ ಉಳ್ಕತು, ಕೈ ಹೋಯ್ತು.'

ಪುಸ್ತಕದ ಮಾತು ಕೇಳಿದೆ. ನಕ್ಕಳು.
'ನೀರ್ ಮ್ಯಾಲೆ ತೇಲೋದು ಅಂತರಗಂಗೆ.
ಕಾಲ್ ಜಾರ್ಸೋದು ಪಾಚಿ.
ನಮ್ಮತ್ತೆ ಹಾವ್ಸೆ ಅಂತಿದ್ಲು.
ಅವ್ಳೂ ಜಾರಿದ್ಲು ಬುಡು.'

ಹಾಗಾದರೆ ಅದು?
ಹಳೇ ಗೋಡೆಯ ಬಿರುಕಿನಲ್ಲಿ
ಬೆಕ್ಕಿನ ಮರಿಯ ಬೆನ್ನಿನಷ್ಟು ಮೆತ್ತಗೆ
ಹಸಿರು ರೋಮ ಎಬ್ಬಿಸಿ ಕೂತದ್ದನ್ನು ತೋರಿಸಿದೆ.
ದಿನಾ ಎದುರಿಗಿದ್ದದ್ದನ್ನು ಈಗಷ್ಟೇ ಬಂದ ನೆಂಟರಂತೆ
ಅವಳು ಬಹಳ ಹೊತ್ತು ನೋಡಿದಳು.
'ಅದಾ? ಅದು ಯಾರ್ನೂ ಬೀಳ್ಸಕಿಲ್ಲ.
ಅದ್ಕ್ಯಾಕೆ ಹೆಸ್ರು?'

ನಾನು ದನಿಯೇರಿಸಿ ಇನ್ನೇನೋ ಕೇಳಹೊರಟೆ.
ಹಸಿರು ಹತ್ತಿದ ಬೆರಳನ್ನು ತುಟಿಗಿಟ್ಟು
ಹಿಂದಕ್ಕೆ ಕಣ್ಣು ತೋರಿಸಿದಳು:
ಒಣಬಟ್ಟೆಯ ಗಂಟಿನ ಮೇಲೆ
ಮುಷ್ಟಿ ಬಿಗಿಹಿಡಿದ ಮೊಮ್ಮಗಳು.
'ಮೆಲ್ಲುಗೆ. ಮಗ ಪಾಚಿ ಮಾಡ್ತಾ ಅದೆ.'

ಸೋಮವಾರ ಕರಡಿನ ಅಂಚಿಗೆ ಕೆಂಪು ಶಾಯಿಯಲ್ಲಿ
'ಪಾಚಿ ೨. (ಮಕ್ಕಳ ಮಾತು) ನಿದ್ದೆ' ಎಂದು ಸೇರಿಸಿದೆ.
ಸಂಪಾದಕರು ಕನ್ನಡಕ ಹಣೆಗೇರಿಸಿ
ಆಧಾರ ಎಲ್ಲಿ ಅಂದರು. ಯಾವ ಕಾವ್ಯ, ಯಾವ ಶಾಸನ?
ಕಲ್ಲಿನದೇ ಆಧಾರ ಸ್ವಾಮಿ,
ಹೊಳೆ ಮೆಟ್ಟಿಲು, ಕೆಳಗಿನಿಂದ ಮೂರನೆಯದು
ಅನ್ನಲು ಬಾಯಿ ಬರಲಿಲ್ಲ.
ಒಂದೇ ಗೆರೆಯಲ್ಲಿ ಹೊಡೆದುಹಾಕಿದರು.

ಅವಳು ಕೆರೆದ ಕಲ್ಲು
ಎಂಟು ದಿನಕ್ಕೆ ಮತ್ತೆ ಪಾಚಿ ಮಾಡುತ್ತದೆ.
ಯಾವ ಅರ್ಥದಲ್ಲೆಂದು
ನಾನಂತೂ ತಿದ್ದುವುದಿಲ್ಲ.

ಇನ್ನು ಆ ಹೆಸರಿಲ್ಲದ್ದು:
ಅಚ್ಚುಕೂಟದ ಹಿತ್ತಿಲಲ್ಲೂ ಇದೆ,
ನಲ್ಲಿಯ ಬಲಕ್ಕೆ, ಇಟ್ಟಿಗೆಯ ಸಂದಿನಲ್ಲಿ.
ಸಂಜೆ ಶಾಯಿಗೈ ತೊಳೆದು ಕೊಡವುವಾಗ
ಎರಡು ಹನಿ
ಆ ಕಡೆಗೇ ಕೊಡವುತ್ತೇನೆ.