ನಂಬರಿಲ್ಲದ ಬಣ್ಣ

ಶಾರ್ಜಾದ ಹತ್ತನೇ ಇಂಡಸ್ಟ್ರಿಯಲ್ ಏರಿಯಾದಲ್ಲಿ
ಬಣ್ಣ ಕಲಸುವವ ನಾನು.
ಬಿಳಿಯೊಂದರಲ್ಲೇ ನಲವತ್ತಾರು ಬಗೆ,
ಒಂದೊಂದಕ್ಕೂ ನಂಬರು.
ಉಗುರಿನ ಸಂದಿಯಲ್ಲಿ ಯಾರದೋ ವಿಲ್ಲಾದ ಗೋಡೆ.

ರಾತ್ರಿ ಮೇಲಿನ ಮಂಚದಲ್ಲಿ, ಅಂಗೈಯಗಲ ಪರದೆಯಲ್ಲಿ
ಹಳೇ ಕಪ್ಪುಬಿಳುಪು.
ಹಪ್ಪಳ ಕರಿದಂಥ ಸದ್ದು ಮೊದಲು,
ಆಮೇಲೆ ಮಾತು.
ಖಳನ ಮೀಸೆ ಒಂದು ಕಡೆ ಅಂಟು ಬಿಟ್ಟಿದೆ,
ಗದರುವುದನ್ನು ಅವನು ಬಿಟ್ಟಿಲ್ಲ.
ದೀಪ ಹಿಡಿದು ಮೆಟ್ಟಿಲಿಳಿಯುತ್ತಾಳೆ ಅವಳು:
ಇಷ್ಟೇ ಇಷ್ಟು ಹೆಂಗಸಿಗೆ
ಅಬ್ಬಾ, ಎಷ್ಟು ದೊಡ್ಡ ನೆರಳು!

ಮೊದಮೊದಲು ಕಸುಬಿನ ಚಟ:
ಆ ಸೀರೆ ಯಾವ ನಂಬರು?
ಅರಿಸಿನಕ್ಕೆ ಎರಡು ಹನಿ ಕಾಡಿಗೆಯೋ,
ಹಣ್ಣಾದ ನೇರಳೆಯೋ?
ಕೆಳಮಂಚದ ಗುಲ್ ಜಮಾನ್, ಪೇಶಾವರದ ಕಡೆಯವ,
ಕನ್ನಡದ ಕಕಾರ ಅರಿಯದವ,
ಕತ್ತು ಚಾಚಿ ತೀರ್ಪು ಕೊಟ್ಟ:
ಹರಾ ಹೈ. ಪಕ್ಕಾ ಹರಾ.
ಯಾಕೆ ಅಂತ ಕೇಳಲಿಲ್ಲ.
ಅವನ ದನಿಯಲ್ಲೇ ಯಾರೋ ದುಪಟ್ಟಾ ಸರಿಪಡಿಸಿಕೊಂಡಂತಿತ್ತು.
ನನಗೆ ಮಾತ್ರ ಅದು ಆಗಲೇ
ಕೆಂಪು, ಬೆವರಿಗೆ ಕದಡಿದ ಕುಂಕುಮದ್ದು.

ಅಷ್ಟರಲ್ಲಿ ಸಿನಿಮಾದಲ್ಲಿ ಮಳೆ.
ಮಳೆಯೋ, ರೀಲಿನ ಗೀರೋ,
ಇಬ್ಬರಿಗೂ ಗೊತ್ತಾಗಲಿಲ್ಲ,
ನೆನೆದವಳಿಗೂ ಗೊತ್ತಿದ್ದಂತಿರಲಿಲ್ಲ.
ಫೋನನ್ನು ಮಂಚದಂಚಿಗೆ ಇಳಿಸಿ ಹಿಡಿದೆ, ಅವನಿಗೂ ಕಾಣಲೆಂದು.
ಕಿಟಕಿಯಾಚೆ ಮರಳುಗಾಳಿ ಎದ್ದಿತ್ತು,
ಬೀದಿದೀಪ, ಟ್ರೇಲರು, ಮಸೀದಿಯ ಹಸಿರು ಟ್ಯೂಬು
ಒಂದೊಂದೇ ಬೂದಿಗೆ ತಿರುಗುತ್ತ.