ಗೇಟಿನ ಆಚೆ

ಗೇಟು ಕಿತ್ತು ಸೇತುವೆ ಕಟ್ಟಿ ವರ್ಷಗಳಾದವು,
ಕೊಪ್ಪಳದವರು ಇನ್ನೂ ಗೇಟಿನ ಆಚೆಯ ಮಂದಿ ಅಂತಲೇ ಅನ್ನುತ್ತಾರೆ.
ನಾನೂ ಅನ್ನುತ್ತಿದ್ದೆ.
ಭಾಗ್ಯನಗರ. ಕೂದಲಿನ ಊರು.
ಯಾರದೋ ಹರಕೆ, ಯಾರದೋ ಬಾಚಣಿಗೆ
ಚೀಲ ಚೀಲವಾಗಿ ಬಂದು ಇಲ್ಲಿ ಬಿಚ್ಚಿಕೊಳ್ಳುತ್ತವೆ.
ಹೆಂಗಸರು ಕಟ್ಟೆಗೆ ಕೂತು ಸಿಕ್ಕು ಬಿಡಿಸುತ್ತಾರೆ,
ಎಂಟಿಂಚು, ಹನ್ನೆರಡಿಂಚು, ಇಪ್ಪತ್ತು.

ನನ್ನದೂ ಅದೇ ಕೆಲಸ, ಕಾಗದದ ಮೇಲೆ.
ಮುಂಜಾನೆ ಅಂಗನವಾಡಿ, ಮಧ್ಯಾಹ್ನ ಮತದಾರರ ಪಟ್ಟಿ.
ಒಂದು ಸಾವಿರದ ನಲವತ್ಮೂರು ಹೆಸರು:
ಗೈರು, ಸ್ಥಳಾಂತರ, ಮೃತ ಎಂದು ಮೂರು ಕುಚ್ಚು ಕಟ್ಟಿ
ತಹಸೀಲ್ದಾರ್ ಕಚೇರಿಗೆ ಒಪ್ಪಿಸಬೇಕು.

ಯಾರ ಬೈತಲೆ ಯಾವ ಕಡೆ ಅಂತ
ನನ್ನನ್ನು ಕೇಳಬಾರದು, ನಾನು ಹೇಳಬಾರದು.
ಕಣ್ಣಿಗೆ ಕಾಣುವುದನ್ನು ಏನು ಮಾಡಲಿ?
ಮಗ್ಗದ ಓಣಿ ಅಜ್ಜನ ಕಾಲದಿಂದ ಒಂದೇ ಕಡೆ ಬಾಚಿಕೊಂಡಿದೆ.
ಹೊಸ ಲೇಔಟಿನವರು ಪ್ರತಿ ಸಲ ಕನ್ನಡಿ ನೋಡಿ ಬದಲಿಸುತ್ತಾರೆ.
ಪಂಪಣ್ಣನ ಮನೆಯಲ್ಲಿ ಅಣ್ಣನದೊಂದು, ತಮ್ಮನದೊಂದು;
ಇಬ್ಬರ ತಾಟಿಗೂ ರೊಟ್ಟಿ ಹಾಕುವ ಅವ್ವ
"ನಂದು ನಡೂ ಬೈತಲಿ, ಯಾರಿಗೂ ಹೇಳಂಗಿಲ್ಲ" ಅಂತ ನಗುತ್ತಾಳೆ.

ಮೇ ತಿಂಗಳು, ಮಂಗಳವಾರ.
ಶಾಲೆಯ ಬೇವಿನ ಕೆಳಗೆ ನನ್ನ ಮೇಜು.
ಏಳಕ್ಕೆ ಮುದುಕರು ಬಂದರು, ನೀಲಿ ಹಾಕಿ ತೊಳೆದ ಧೋತರ.
ಹುಸೇನಬಿ ಬಂದಳು ಗಾಲಿ ಕುರ್ಚಿಯಲ್ಲಿ, ಮದುಮಗಳ ಹಾಗೆ ನಾಚುತ್ತ.
ಒಂಬತ್ತಕ್ಕೆ ಹೊಸ ಸೊಸೆಯಂದಿರು, ಬೆರಳೆತ್ತಿ ಫೋಟೋ.
ಹನ್ನೊಂದಕ್ಕೆ ಬಿಸಿಲು ಬಂತು,
ಆಮೇಲೆ ಯಾರೂ ಬರಲಿಲ್ಲ.
ಲೇಔಟಿನ ಬಾಗಿಲುಗಳು ಕೂಲರಿನ ಸದ್ದಿನ ಹಿಂದೆ ಮುಚ್ಚಿದ್ದವು.

ಎರಡು ತಾಸಿಗೊಮ್ಮೆ ಫೋನು: ಮೇಡಂ, ಪರ್ಸೆಂಟೇಜ್?
ಮೂವತ್ತೊಂದು.
ಮೂವತ್ನಾಲ್ಕು.
ಮೂವತ್ನಾಲ್ಕೇ ಸರ್.
ಬೆಳಿಗ್ಗೆ ಮುಖ ತಿರುಗಿಸಿ ಕೂತಿದ್ದ ಎರಡು ಪಕ್ಷದ ಏಜೆಂಟರು
ಮಧ್ಯಾಹ್ನ ಒಂದೇ ಮಂಡಕ್ಕಿ ಪೊಟ್ಟಣಕ್ಕೆ ಕೈ ಹಾಕಿದರು.
"ನಿಮ್ಮವರೂ ಬರವಲ್ರು."
"ನಿಮ್ಮವರೂ."
ಮೆಣಸಿನಕಾಯಿ ಒಂದೇ ಉಳಿದಿತ್ತು, ನೀ ತಿನ್ನು ನೀ ತಿನ್ನು ಅಂದರು.

ನಾಲ್ಕಕ್ಕೆ ದುರುಗಮ್ಮ, ಗೋದಾಮಿನಿಂದ ಸೀದಾ,
ಸೀರೆಯ ತುಂಬ ಊರೂರಿನ ಕೂದಲು.
ಸರಕಾರ ರಜೆ ಅಂದಿದ್ದು
ತೂಕದ ಮೇಲಿನ ಕೂಲಿಗೆ ಕೇಳಿಸಿರಲಿಲ್ಲ.
ಚೀಟಿ ಕೊಟ್ಟೆ. ಹೋದಳು, ಬಂದಳು,
ಶಾಯಿ ಆರಲೆಂದು ಬೆರಳು ಊದುತ್ತ ಪಟ್ಟಿಗೆ ಬಗ್ಗಿದಳು.
"ಈ ಕೆಂಪು ಗೆರಿ ಯಾರು?"
ಸತ್ತವರು.
"ಈ ಸೊನ್ನಿ?"
ಊರು ಬಿಟ್ಟವರು.
"ಮತ್ತ ಈ ಬರೇ ಹೆಸರು, ಇಷ್ಟು ಮಂದಿ?"
ಇದ್ದಾರೆ. ಬಂದಿಲ್ಲ.

ಸ್ವಲ್ಪ ಹೊತ್ತು ಸುಮ್ಮನಿದ್ದಳು.
"ನಮ್ಮಲ್ಲೂ ಅದಾವ್ರೀ ಅಕ್ಕಾ,
ಉದ್ದಕ್ಕೂ ಸೇರಂಗಿಲ್ಲ, ಗಿಡ್ಡಕ್ಕೂ ಸೇರಂಗಿಲ್ಲ.
ಒಗಿಯಂಗಿಲ್ಲ ಮತ್ತ. ಬ್ಯಾರೆ ಚೀಲದಾಗ ತುಂಬಿಡ್ತೀವಿ.
ಒಂದಿನ ಅದಕ್ಕೂ ಗಿರಾಕಿ ಬರ್ತಾನ."
ಆಮೇಲೆ, ಸುಮ್ಮನೆ, ಮಾತಿಗೆ ಅಂದಳು:
"ನಿಮ್ಮ ಬೆರಳು ತೋರಸ್ರಿ."

ಎಡಗೈಯನ್ನು ಪಟ್ಟಿಯ ಕೆಳಗೆ ಸರಿಸಿದೆ.
ಮನೆ ಬದಲಿಸಿ ಇಲ್ಲಿಗೆ ಬಂದು ಎರಡು ವರ್ಷ.
ಊರವರ ವಿಳಾಸ ಬದಲಿಸಲು ಇನ್ನೂರು ಅರ್ಜಿ ತುಂಬಿದ್ದೇನೆ,
ನನ್ನದು ಚೀಲದಲ್ಲಿ ಟಿಫಿನ್ ಡಬ್ಬಿಯ ಎಣ್ಣೆ ಹೀರಿ ಕೂತಿದೆ.
ಗಡಿಯಾರ ಕಂಬದ ಹತ್ತಿರದ ಬೂತಿನಲ್ಲಿ, ಈ ಹೊತ್ತಿಗೆ,
ನನ್ನಂಥವಳೇ ಒಬ್ಬಾಕೆ
ನನ್ನ ಹೆಸರಿನ ಮುಂದೆ ಸೊನ್ನೆ ಹಾಕುತ್ತಿರಬೇಕು.
ಸೇತುವೆ ಹತ್ತಿ ಇಳಿದರೆ ಆಟೋಗೆ ಇಪ್ಪತ್ತು ರೂಪಾಯಿ.
ಮೇಜು ಬಿಟ್ಟು ಏಳುವಂತಿರಲಿಲ್ಲ.
ಏಳಬಹುದಿತ್ತೇನೋ. ಏಳಲಿಲ್ಲ.

ಬಿಸಿಲು ಇಳಿದ ಮೇಲೆ ಗೋದಾಮಿನ ಹೆಂಗಸರು ಗುಂಪಾಗಿ ಬಂದರು,
ಅವರ ಹಿಂದೆ ಮಕ್ಕಳು, ಮಕ್ಕಳ ಹಿಂದೆ ನಾಯಿ.
ಆರಕ್ಕೆ ಶಾಲೆಯ ಗೇಟು ಮುಚ್ಚಿದರು.
ಫೋನು ಬಂತು. ಐವತ್ತೆಂಟು ಪಾಯಿಂಟ್ ಆರು ಅಂದೆ.
ಪರವಾಗಿಲ್ಲ ಬಿಡ್ರಿ ಮೇಡಂ, ಅಂದರು.

ರಾತ್ರಿ ಜಡೆ ಬಿಚ್ಚಿ ಬಾಚಿಕೊಂಡೆ.
ಹಣಿಗೆಯಲ್ಲಿ ಉಳಿದದ್ದನ್ನು ಬೆರಳಿಗೆ ಸುತ್ತಿ,
ಶಾಯಿಯಿಲ್ಲದ ಬೆರಳಿಗೆ,
ಉಂಡೆ ಮಾಡಿ ಕಿಟಕಿಯ ಸಂದಿಗೆ ಸಿಕ್ಕಿಸಿದೆ,
ಕೂದಲಿನವನು ಬಂದರೆ ಇರಲಿ ಅಂತ.